ಗಂಡು ನೋಡಲು ಹೋಗಿ ಚೆಂಡು ತಂದದ್ದು

ಹೋದ ತಿಂಗಳು ಮಗಳಿಗೆ ಗಂಡು ನೋಡಲು ಹೋದವಳು ಮೂರು ಚೆಂಡು ಹಿಡಿದುಕೊಂಡು ಮನೆಗೆ ಬಂದೆ.

ತಮಾಷೆಗೆ ಹೇಳುತ್ತಿಲ್ಲ. ಒಂದು ಕೆಂಪು, ಒಂದು ಹಳದಿ, ಒಂದು ನೀಲಿ. ಬಟ್ಟೆಯ ಚೆಂಡುಗಳು, ಒಳಗೆ ಕಾಳು ತುಂಬಿದ್ದಾರೆ. ಅಂಗೈಯಲ್ಲಿಟ್ಟರೆ ಉರುಳಿ ಹೋಗುವುದಿಲ್ಲ. ನಿದ್ದೆ ಹೋದ ಬೆಕ್ಕಿನ ಮರಿಯ ಹಾಗೆ ಒತ್ತಿಕೊಂಡು ಕೂರುತ್ತವೆ. ಗಂಡು ಏನಾಯಿತು ಅಂತ ತಾನೆ ಕೇಳುತ್ತೀರಿ? ಹೇಳುತ್ತೇನೆ, ಅವಸರ ಬೇಡ. ಆ ಎರಡು ದಿನ ನನಗೆ ಇನ್ನೂ ಅರ್ಧ ಕನಸಿನ ಹಾಗೆಯೇ ಇವೆ. ನಿಧಾನವಾಗಿ ಬಿಡಿಸಬೇಕು.

ನನ್ನ ಮಗಳು ಮಯೂರಿಯನ್ನು ಈ ಅಂಕಣದ ಓದುಗರು ಬಲ್ಲಿರಿ. (ಅವಳ ಬಗ್ಗೆ ಬರೆದಾಗಲೆಲ್ಲ 'ಪರ್ಮಿಶನ್ ಯಾರ್ ಕೊಟ್ರು?' ಅನ್ನುತ್ತಾಳೆ. ಈ ಸಲ ಕೇಳಿಯೇ ಬರೆಯುತ್ತಿದ್ದೇನೆ.) ಹೊಸಬರಿಗಾಗಿ ಹೇಳುವುದಾದರೆ, ಅವಳಿಗೆ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನ ಕೆಲಸ. ನನಗೆ ನಾರಾಯಣಗೂಡದ ಕಾಲೇಜೊಂದರಲ್ಲಿ ಲೈಬ್ರರಿ. ನಾವು ಕಲಬುರಗಿ ಕಡೆಯವರು; ಹೈದರಾಬಾದಿಗೆ ಬಂದು ಅವಳ ವಯಸ್ಸಿನಷ್ಟು ಕಾಲವಾಯಿತು. ನಮ್ಮವರು ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಈಗ ನಾವಿಬ್ಬರೇ.

ಇಬ್ಬರೇ ಇರುವ ಮನೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಒಬ್ಬರ ಮುಖ ನೋಡಿಕೊಂಡು ಇನ್ನೊಬ್ಬರು ಬದುಕಲು ಶುರುಮಾಡುತ್ತಾರೆ. ನನಗೆ ಬೇಸರವಾದೀತೆಂದು ಅವಳು ಗೆಳತಿಯರ ಜೊತೆ ಟ್ರಿಪ್ ಹೋಗುವುದಿಲ್ಲ. ಅವಳಿಗೆ ಬೇಸರವಾದೀತೆಂದು ನಾನು ಅವಳೆದುರು ಅಳುವುದಿಲ್ಲ, ಹಾಗೇ ಜೋರಾಗಿ ನಗುವುದೂ ಇಲ್ಲ. ಮದುವೆಯ ಮಾತು ಎತ್ತಿದಾಗಲೂ ಅಷ್ಟೇ. "ನಿನಗ ಒಪ್ಪಿಗಿ ಆದ್ರ ಸಾಕಮ್ಮಾ, ನನಗ ಆದಂಗ" ಅಂದುಬಿಟ್ಟಳು. ಈ ಕಾಲದಲ್ಲಿ ಇಂಥ ಮಗಳು ಯಾರಿಗಿದ್ದಾಳೆ ಅಂತ ನೆಂಟರೆಲ್ಲ ಹೊಗಳಿದರು. ನಾನೂ ಸುಖವಾಗಿ ಹೊಗಳಿಸಿಕೊಂಡೆ.

ಆಗ ಬಂತು ಸುಹಾಸನ ಪ್ರೊಫೈಲು. ಪುತ್ತೂರಿನ ಹುಡುಗ, ಇಲ್ಲಿ ಸಾಫ್ಟ್‌ವೇರ್ ಕೆಲಸ. ಮುಖದಲ್ಲಿ ಒಂದು ನಿರುಪದ್ರವಿ ನಗು. ಭೇಟಿಯ ದಿನ ಗೊತ್ತುಮಾಡಲು ಫೋನ್ ಮಾಡಿದರೆ ಅವನು ಸಂಕೋಚದಿಂದ ಹೇಳಿದ:

"ಆಂಟಿ, ಶನಿವಾರ, ಭಾನುವಾರ ನಮ್ಮದೊಂದು ಮೇಳ ಉಂಟು. ಜಗ್ಲಿಂಗ್ ಮಾಡುವವರದ್ದು. ಬೇರೆ ಬೇರೆ ಊರಿಂದ ಜನ ಬರ್ತಾರೆ. ನಾನು ನಡೆಸುವವರಲ್ಲಿ ಒಬ್ಬ, ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ನೀವೇ ಅಲ್ಲಿಗೆ ಬಂದ್ರೆ ಆದೀತಾ? ಏರ್‌ಪೋರ್ಟಿಗೆ ಹತ್ತಿರವೇ."

ಗಂಡು ನೋಡಲು ಹೋಗುವಾಗ ಮನೆಯ ಹಿರಿಯರೊಬ್ಬರು ಇರಬೇಕಲ್ಲ? ರಾಯಚೂರಿನಿಂದ ನಮ್ಮಣ್ಣ ಗುರುನಾಥನನ್ನು ಕರೆಸಿದೆ. ಪಂಪು, ಪೈಪುಗಳ ಅಂಗಡಿ ಅವನದು. ಜಗತ್ತಿನ ಪ್ರತಿ ವಸ್ತುವೂ ನೀರೆತ್ತುತ್ತದೆಯೋ ಇಲ್ಲವೋ ಅಂತ ಮೊದಲು ನೋಡುವವನು.

"ಜಗ್ಲಿಂಗ್ ಅಂದ್ರ? ಸರ್ಕಸ್ಸಿನ್ಯಾಗ ಜೋಕರ್ ಮಾಡತಾನಲ್ಲ, ಅದ?"

"ಹೂಂ ಅಣ್ಣಾ, ಅದ."

"ಹುಡುಗ ಕಂಪ್ಯೂಟರ್ ಅಂದಿದ್ದಿ?"

"ಕಂಪ್ಯೂಟರೂ ಹೌದು."

ಅಣ್ಣ ಫೋನಿನಲ್ಲೇ ದೊಡ್ಡದೊಂದು ಉಸಿರು ಬಿಟ್ಟ.

ಶನಿವಾರ ಮಧ್ಯಾಹ್ನ ಮೂವರೂ ಹೋದೆವು. ಶಂಶಾಬಾದಿನ ಹೆದ್ದಾರಿ ನಿಮಗೆ ಗೊತ್ತಲ್ಲ. ಲಾರಿ, ಕ್ಯಾಬು, ಕಿವಿ ಕೊರೆಯುವ ಹಾರ್ನು. ಅದರ ಪಕ್ಕದ ಒಂದು ಶಾಲೆಯ ಒಳಾಂಗಣ ಕ್ರೀಡಾಂಗಣ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಹಾರ್ನು ನಿಂತೇ ಹೋಯಿತು.

ಎತ್ತರದ ಚಾವಣಿ. ಗೋಡೆಯ ಮೇಲ್ತುದಿಯ ಉದ್ದನೆ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದು ಬಂದಿದೆ. ಆ ಬಿಸಿಲಿನೊಳಗೆ ಏನೇನೋ ಏರುತ್ತಿವೆ, ಇಳಿಯುತ್ತಿವೆ. ಚೆಂಡುಗಳು, ಬಳೆಯಂಥ ತೆಳ್ಳನೆ ಚಕ್ರಗಳು, ಬಾಟಲಿಯಾಕಾರದ ಕೋಲುಗಳು. ನೂರಾರು. ಯಾರೋ ಒಂದು ಬಗೆಯ ನಿಧಾನದ ಹಕ್ಕಿಗಳನ್ನು ಸಾಕಿ ಅಲ್ಲಿ ಬಿಟ್ಟಿದ್ದಾರೆ ಅನ್ನಿಸಿತು. ಸದ್ದು ಅಂದರೆ ಅಂಗೈಗೆ ಚೆಂಡು ಬೀಳುವ 'ತಪ್, ತಪ್' ಮಾತ್ರ. ಮಾತಿಲ್ಲವೆಂದಲ್ಲ. ಎಲ್ಲರೂ ಮಾತಾಡುತ್ತಿದ್ದರು, ಆದರೆ ನಿದ್ದೆಯಿಂದ ಆಗಷ್ಟೇ ಎದ್ದವರ ಹಾಗೆ, ಮೆಲ್ಲಗೆ. ಗಂಡ ಹೆಂಡತಿಯಿರಬೇಕು, ಇಬ್ಬರು ಎದುರುಬದುರು ನಿಂತು ಆ ಕೋಲುಗಳನ್ನು ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ಕೋಲುಗಳು ಗಿರಗಿರ ತಿರುಗುತ್ತ ಗಾಳಿಯಲ್ಲಿ ದಾಟಿ ಹೋಗುತ್ತಿದ್ದರೆ, ಅವರು ಮನೆಗೆ ಪೇಂಟ್ ಯಾವಾಗ ಮಾಡಿಸುವುದು ಅಂತ ತೆಲುಗಿನಲ್ಲಿ ಚರ್ಚೆ ನಡೆಸಿದ್ದರು! ಒಬ್ಬ ಬಿಳಿಗೂದಲಿನ ಮನುಷ್ಯ ಗಾಜಿನಂಥ ಒಂದು ಗುಂಡನ್ನು ತೋಳಿನ ಮೇಲೆ ಹರಿಯಬಿಟ್ಟಿದ್ದ. ಅದು ಮೊಣಕೈ ದಾಟಿ, ಬೆರಳ ತುದಿಗೆ ಬಂದು, ನೀರಿನ ಹನಿಯ ಹಾಗೆ ನಿಂತುಕೊಂಡಿತು.

ಯಾರೂ ಯಾರಿಗೂ ತೋರಿಸಲು ಮಾಡುತ್ತಿರಲಿಲ್ಲ. ನನ್ನನ್ನು ಹಿಡಿದದ್ದು ಅದು. ನಮ್ಮಲ್ಲಿ ಈಗ ತೋರಿಸದೆ ಮಾಡುವಂಥದ್ದು ಏನು ಉಳಿದಿದೆ ಹೇಳಿ? ತಿಂದ ಇಡ್ಲಿಯನ್ನೂ ತೋರಿಸುತ್ತೇವೆ.

ಸುಹಾಸ ಬೆವರು ಒರೆಸಿಕೊಳ್ಳುತ್ತ ಬಂದ. ಟೀಶರ್ಟು, ಕಾಲಲ್ಲಿ ಹಳೇ ಶೂ. ಬಗ್ಗಿ ನಮಸ್ಕಾರ ಮಾಡಿದ. ಕಾಗದದ ಲೋಟಗಳಲ್ಲಿ ಚಹಾ ಬಂತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ವಿಚಾರಣೆ ಶುರುವಾಯಿತು. ಊರು, ಮನೆ, ಅಪ್ಪ ಅಮ್ಮ ಎಲ್ಲ ಆದ ಮೇಲೆ ಅಣ್ಣ ಕನ್ನಡಕ ಸರಿಮಾಡಿಕೊಂಡು ಕೇಳಿದ:

"ಅಲ್ರೀ, ಇದರಿಂದ ಏನ್ ಉಪಯೋಗ ಐತಿ?"

ಸುಹಾಸ ನಿಜಕ್ಕೂ ಯೋಚಿಸಿದ. ಆಮೇಲೆ ಹೇಳಿದ: "ಎಂತದೂ ಇಲ್ಲ ಸರ್."

ಏಕಾಗ್ರತೆ ಅನ್ನಬಹುದಿತ್ತು. ವ್ಯಾಯಾಮ, ಟೆನ್ಶನ್ ಕಡಿಮೆಯಾಗುತ್ತದೆ, ಹೀಗೆ ಏನಾದರೊಂದು. ಮದುವೆ ಮಾತುಕತೆಯಲ್ಲಿ ಸಣ್ಣಪುಟ್ಟ ಸುಳ್ಳಿಗೆ ಎಷ್ಟೊಂದು ಜಾಗ ಬಿಟ್ಟಿರುತ್ತಾರೆ! ಈ ಹುಡುಗ ಯಾಕೆ ನಿಜ ಹೇಳಿದ? ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ನನಗೆ ಮಾತ್ರ ಹುಡುಗ ಆ ಕ್ಷಣಕ್ಕೇ ಹಿಡಿಸಿಬಿಟ್ಟ.

"ಅವರಿಬ್ಬರು ಮಾತಾಡಲಿ" ಅಂದೆ. ಮಯೂರಿ, ಸುಹಾಸ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. ಅಣ್ಣ ಕೈಕಟ್ಟಿಕೊಂಡು ಕುರ್ಚಿಯಲ್ಲೇ ಉಳಿದ. ನಾನು ಸುಮ್ಮನೆ ಮೇಲೆ ನೋಡುತ್ತ ನಿಂತಿದ್ದೆ.

"ಖಾಲಿ ಖಡೇ ಸೋ ಕ್ಯಾ ಕರತೇ ಆಂಟಿ? ಆವ್!"

ತಿರುಗಿದರೆ ಒಬ್ಬಳು ಹೆಂಗಸು, ನಲವತ್ತರ ಆಸುಪಾಸು, ಕಮೀಜಿನ ತೋಳು ಮಡಚಿಕೊಂಡು ನಿಂತಿದ್ದಾಳೆ. ಫರ್ಹಾನಾ ಅಂತ ಹೆಸರು, ಹಲ್ಲಿನ ಡಾಕ್ಟರು. ಹೊಸಬರಿಗೆ ಕಲಿಸುವ ಮೂಲೆ ಅವಳದು. ಸುಮ್ಮನೆ ನಿಂತು ಏನು ಮಾಡುತ್ತೀರಿ, ಬನ್ನಿ ಅಂತ ಹೈದರಾಬಾದಿ ಹಿಂದಿಯಲ್ಲಿ ಕರೆದರೆ ಇಲ್ಲ ಅನ್ನುವುದು ಕಷ್ಟ. ಕೈಯಲ್ಲಿ ಒಂದು ಚೆಂಡು ಇಟ್ಟಳು. ಕಣ್ಣಿನ ಎತ್ತರಕ್ಕೆ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕು, ಅಷ್ಟೇ. ಅಷ್ಟೇ ಅಂದರೂ ಚೆಂಡು ನನ್ನ ಬಿಟ್ಟು ಬೇರೆ ಎಲ್ಲ ಕಡೆಗೂ ಹೋಯಿತು.

"ಹಾತಾಂ ನಕ್ಕೊ ದೇಖೋ ಆಂಟಿ. ಊಪರ್ ದೇಖೋ."

ಕೈ ನೋಡಬೇಡಿ, ಮೇಲೆ ನೋಡಿ. ಸರಿ, ಮೇಲೆ ನೋಡಿದೆ. ಚೆಂಡು ಬಂದು ತಾನಾಗಿಯೇ ಕೈಯಲ್ಲಿ ಕೂತಿತು! ಎರಡನೆಯ ಚೆಂಡು ಕೊಟ್ಟಳು. ಒಂದು ಮೇಲೆ ಇದ್ದಾಗಲೇ ಇನ್ನೊಂದನ್ನೂ ಎಸೆಯಬೇಕು. ಇಲ್ಲಿ ನಾನು ಸಿಕ್ಕಿಬಿದ್ದೆ. ಎರಡನೆಯದನ್ನು ಎಸೆಯುವ ಬದಲು, ಬಿದ್ದು ಹೋದೀತೆಂಬ ಹೆದರಿಕೆಗೆ, ಈ ಕೈಯಿಂದ ಆ ಕೈಗೆ ಮೆಲ್ಲಗೆ ದಾಟಿಸುತ್ತಿದ್ದೆ. ಫರ್ಹಾನಾ ನಕ್ಕಳು. ಎಲ್ಲ ಹೊಸಬರೂ ಹೀಗೇ ಮಾಡುತ್ತಾರಂತೆ.

"ದೇನಾ ನಕ್ಕೊ. ಫೇಂಕನಾ. ಗಿರೇ ತೋ ಗಿರೇ, ಕ್ಯಾ ಹೋತಾ?"

ಕೈಗೆ ಕೊಡಬೇಡಿ, ಎಸೆಯಿರಿ; ಬಿದ್ದರೆ ಬೀಳಲಿ, ಏನಾಗುತ್ತದೆ? ಏನೂ ಆಗಲಿಲ್ಲ. ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು. ಒಂದು ಸಲ ಉರುಳಿ ಅಣ್ಣನ ಕುರ್ಚಿಯ ಕೆಳಗೆ ಹೋಯಿತು. ಅವನು ಬಗ್ಗಿ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳಗ ಏನ್ ತುಂಬ್ಯಾರ? ಜ್ವಾಳೇನು?" ಅಂದ. ಮತ್ತೊಮ್ಮೆ ಅಲ್ಲಾಡಿಸಿ, "ಅಲ್ಲ, ನವಣಿ" ಅಂತ ತಾನೇ ತೀರ್ಮಾನಿಸಿ ನನ್ನತ್ತ ಎಸೆದ. ನಮ್ಮಣ್ಣ ನನ್ನ ಕಡೆ ಚೆಂಡು ಎಸೆದು ಎಷ್ಟು ಕಾಲವಾಗಿತ್ತೋ!

ಆಮೇಲೆ ಯಾವಾಗಲೋ ಅದು ನಡೆಯಿತು. ಎರಡೂ ಚೆಂಡು ಎಸೆದಿದ್ದೆ. ಕೈ ಖಾಲಿ. ಮೇಲೆ ನೋಡುತ್ತಿದ್ದೆ. ಕೆಂಪು ಚೆಂಡು ಏರಿ, ಬಿಸಿಲಿನ ಪಟ್ಟಿಯೊಳಗೆ ಹೋಗಿ, ನಿಂತಿತು. ನಿಜವಾಗಿ ನಿಂತಿತು. ಏರುವುದು ಮುಗಿದಿತ್ತು, ಇಳಿಯುವುದು ಇನ್ನೂ ಶುರುವಾಗಿರಲಿಲ್ಲ. ಆ ನಡುವಿನಲ್ಲಿ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ನಮ್ಮವರು ಹೋದ ಮೇಲೆ ಮೂರು ವರ್ಷ ನಾನು ಒಂದೇ ಸಮನೆ ಏನಾದರೂ ಮಾಡುತ್ತಲೇ ಇದ್ದೆ. ಬ್ಯಾಂಕು, ಗ್ಯಾಸು, ಮನೆಯ ಕಾಗದಪತ್ರ, ಮಗಳ ಟಿಫಿನ್ನು, ಲೈಬ್ರರಿಯ ಬೀಗ. ಹೀಗೆ ಕೈ ಖಾಲಿ ಬಿಟ್ಟು, ಕತ್ತೆತ್ತಿ ನಿಂತದ್ದೇ ಇಲ್ಲ. ಆ ಚೆಂಡು ಇನ್ನಷ್ಟು ಹೊತ್ತು ಅಲ್ಲೇ ಇರಲಿ ಅನ್ನಿಸಿತು.

ಎರಡೂ ಕೈಗೆ ಬಂದವು. ಯಾರೋ ಜೋರಾಗಿ ನಕ್ಕರು. ಯಾರಪ್ಪಾ ಅಂತ ನೋಡಿದರೆ ನಾನೇ. ಮೆಟ್ಟಿಲಿಂದ ಎದ್ದು ಬಂದ ಮಯೂರಿ ಆಗಲೇ ಬಾಗಿಲಲ್ಲಿ ನಿಂತಿದ್ದಳು.

ಸಂಜೆ ಅದೇ ಹಾಲಿನಲ್ಲಿ ಒಂದು ಚಿಕ್ಕ ಶೋ. ಎಲ್ಲರೂ ನೆಲದ ಮೇಲೆ ಕೂತರು. ಸುಹಾಸ ಐದು ಚೆಂಡು ಹಿಡಿದು ಬಂದ. ಶುರುವಿನಲ್ಲಿ ಕಾರಂಜಿಯ ಹಾಗೆ ಎದ್ದವು. ನೋಡನೋಡುತ್ತ ಒಂದು ಜಾರಿ ನೆಲಕ್ಕೆ ಬಿತ್ತು. ಹುಡುಗಿಯ ಮನೆಯವರ ಎದುರಿಗೇ! ಆದರೆ ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಸುಹಾಸ ಚೆಂಡು ಎತ್ತಿಕೊಂಡು, ನಕ್ಕು, ಮತ್ತೆ ಶುರುಮಾಡಿದ.

"ಬಿದ್ರೂ ಚಪ್ಪಾಳಿನ?" ಅಣ್ಣ ನನ್ನ ಕಿವಿಯಲ್ಲಿ ಕೇಳಿದ. ಕೇಳುತ್ತಲೇ ತಾನೂ ತಟ್ಟಿದ.

ಮಯೂರಿಗೆ ಹೇಗನ್ನಿಸಿತೋ ಅಂತ ತಿರುಗಿ ನೋಡಿದೆ. ಎಲ್ಲರ ಮುಖವೂ ಚೆಂಡಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಅವಳೊಬ್ಬಳು ಸುಹಾಸನ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಮನೆಗೆ ಬರುವಾಗ ಕ್ಯಾಬಿನಲ್ಲಿ ಅಣ್ಣ ಮುಂದೆ, ನಾವಿಬ್ಬರು ಹಿಂದೆ. ಮೇಲ್ಸೇತುವೆಯ ಮೇಲೆ ಹೋಗುತ್ತಿದ್ದೆವು. ಊರಿನ ದೀಪಗಳು ಒಂದೊಂದೇ ಹತ್ತಿಕೊಳ್ಳುವ ಹೊತ್ತು. ನನಗಿನ್ನೂ ತೇಲಿದ ಹಾಗೆಯೇ ಇತ್ತು.

"ಅಮ್ಮಾ, ನಿನಗ ಹುಡುಗ ಭಾಳ ಹಿಡಿಸ್ಯಾನಲ್ಲ?"

"ಹೂಂ. ಛಲೋ ಹುಡುಗ. ನಿನಗ?"

"ನನಗೇನೂ ಅಡ್ಡಿ ಇಲ್ಲ." ನನ್ನ ಕಡೆ ತಿರುಗಿದಳು. "ನೀ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ, ಅಪ್ಪ ಹೋದ ಮ್ಯಾಲ. ಹೂಂ ಅಂದುಬಿಡು."

ಮುಂದಿನ ಸೀಟಿನಿಂದ ಅಣ್ಣ, "ಮತ್ತ್ಯಾಕ ತಡಾ? ಶುಭಸ್ಯ ಶೀಘ್ರಂ" ಅಂದ.

ನಾನು ತೇಲುತ್ತಿದ್ದವಳು ಕೆಳಗೆ ಇಳಿದೆ.

ಅಡ್ಡಿ ಇಲ್ಲ. ಈ ಮಾತನ್ನು ನಾವು ಯಾವುದಕ್ಕೆಲ್ಲ ಅನ್ನುತ್ತೇವೆ ಯೋಚಿಸಿ. ಉಪ್ಪಿಟ್ಟು ಹೇಗಾಗಿದೆ? ಅಡ್ಡಿ ಇಲ್ಲ. ಕಿಟಕಿ ಸೀಟು ಸಿಗಲಿಲ್ಲ, ಪರವಾಗಿಲ್ಲವೇ? ಅಡ್ಡಿ ಇಲ್ಲ. ಒಂದಿಡೀ ಬದುಕಿಗೂ ಅದೇ ಮಾತು ಸಾಕೇ? (ಸುಳ್ಳು ಹೇಳಬಾರದು. ನಾನೂ ಹಾಗೆ ಅಂದೇ ಮದುವೆಯಾದವಳು. ಚೆನ್ನಾಗಿಯೇ ಬಾಳಿದೆ, ಅವರನ್ನು ಈಗಲೂ ನೆನೆಯುತ್ತೇನೆ. ಹಾಗಾಗಿ ತೀರ್ಪು ಕೊಡುವ ಹಕ್ಕು ನನಗಿಲ್ಲ.) ಆದರೆ ನಾನು 'ಅಡ್ಡಿ ಇಲ್ಲ' ಅಂದದ್ದು ಹುಡುಗನನ್ನು ನೋಡಿ. ನನ್ನ ಮಗಳು ಅಂದದ್ದು ನಾನು ನಕ್ಕಿದ್ದನ್ನು ನೋಡಿ.

ಮರುದಿನ ಬೆಳಿಗ್ಗೆ ಅಣ್ಣ ಬ್ಯಾಗು ತುಂಬುತ್ತ, "ಪುತ್ತೂರಿಗೆ ಫೋನ್ ಹಚ್ಚಲೇನು?" ಅಂದ.

"ಬ್ಯಾಡ ಅಣ್ಣಾ. ಈ ಸಂಬಂಧ ಬ್ಯಾಡ."

"ಯಾಕ? ಹುಡುಗನ್ಯಾಗ ಏನರ ಐಬು ಐತೇನು?"

"ಏನೂ ಇಲ್ಲ. ಹೂಂ ಅನ್ನಾಕ ಹುಡುಗಿ ಇಲ್ಲ."

ಬಹಳ ದೊಡ್ಡ ಮಾತಾಡಿದೆ ಅಂತ ಒಳಗೊಳಗೇ ಬೀಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು. ಮಯೂರಿ, ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಯಾರನ್ನ ಕೇಳಿ ಬ್ಯಾಡ ಅಂದಿ?"

"ಅಲ್ಲವ್ವಾ, ನೀನ ನಿನ್ನೆ..."

"ನಾ ಹೂಂ ಅಂದಿದ್ದು ನಿನ್ನ ಸಲುವಾಗಿ. ಈಗ ಬ್ಯಾಡ ಅನ್ನೂದೂ ನೀನ? ಹಂಗಾದ್ರ ನಾ ಎಲ್ಲಿದ್ದೀನಿ ಇದರಾಗ?"

"ಕ್ಯಾಬಿನ್ಯಾಗ ಕೇಳಿದ್ನಲ್ಲ, ನಿನಗ ಹೆಂಗನಸ್ತು ಅಂತ?"

"ಕೇಳಿದಿ. ಮಾಮಾನ ಮುಂದ, ಡ್ರೈವರ್‌ನ ಮುಂದ, ನೀ ಖುಷಿಯಾಗಿದ್ದಾಗ ಕೇಳಿದಿ. ಆಗ ನಾ ಏನ್ ಹೇಳಲಿ?"

ಅವಳ ದನಿ ಏರಿತ್ತು. ನಮ್ಮ ಮನೆಯಲ್ಲಿ ಎಷ್ಟೋ ಕಾಲದಿಂದ ಯಾರೂ ದನಿ ಏರಿಸಿರಲಿಲ್ಲ. ಅಣ್ಣ ಬ್ಯಾಗಿನ ಜಿಪ್ಪು ಹಿಡಿದುಕೊಂಡು ಹಾಗೇ ನಿಂತ. ನನಗೆ, ಹೇಗೆ ಹೇಳಲಿ, ಎಲ್ಲೋ ಒಂದು ಕಡೆ ಹಗುರವಾಯಿತು.

"ಅವಗ ನಾನ ಹೋಗಿ ಹೇಳತೀನಿ" ಅಂದಳು.

"ಏನಂತ?"

"ಅದು ಅಲ್ಲಿಗೆ ಹೋದ ಮ್ಯಾಲ ನನಗ ಗೊತ್ತಾಗತೈತಿ." ಒಳಗೆ ಹೊರಟವಳು ತಿರುಗಿ ನಿಂತಳು. "ನೀನೂ ಬಾ. ಆದ್ರ ಮಾತಾಡಬ್ಯಾಡ."

ಮಧ್ಯಾಹ್ನ ಅಣ್ಣನನ್ನು ರೈಲು ಹತ್ತಿಸಿದೆವು. (ಸಿಟ್ಟಿನಲ್ಲೇ ಹೋದ. ಆದರೆ ಹೋಗುವಾಗ ಮಯೂರಿಯ ತಲೆ ಸವರಿದ.) ಅವಳು ದಿನಾ ಹೋಗುವ ಏರ್‌ಪೋರ್ಟ್ ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಹೋದೆವು. ಎ.ಸಿ. ಬಸ್ಸಿನ ಕಿಟಕಿಯಲ್ಲಿ ಊರು ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು. ಮಗಳ ದಿನದ ದಾರಿ ಇದು, ನಾನು ಒಮ್ಮೆಯೂ ಅವಳ ಜೊತೆ ಬಂದಿರಲಿಲ್ಲ. ಅವಳು ಯಾವ ತಿರುವಿನಲ್ಲಿ ಕಣ್ಣು ಮುಚ್ಚುತ್ತಾಳೆ, ಎಲ್ಲಿ ತೆರೆಯುತ್ತಾಳೆ ಅಂತ ನೋಡುತ್ತ ಕೂತೆ.

ಮೇಳದ ಕೊನೆಯ ಹೊತ್ತು. ಎಲ್ಲರೂ ಶಾಲೆಯ ಹೊರಗಿನ ಮೈದಾನಕ್ಕೆ ಬಂದಿದ್ದರು. ಸಂಜೆಯ ಬಿಸಿಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ವಿಮಾನವೊಂದು ಇಳಿಯುತ್ತಿತ್ತು, ಅವಸರವೇ ಇಲ್ಲದೆ. ಮಯೂರಿ ನೇರವಾಗಿ ಸುಹಾಸನ ಹತ್ತಿರ ಹೋದಳು. ಇಬ್ಬರೂ ಕಾಂಪೌಂಡ್ ಗೋಡೆಯ ಬಳಿ ಹೋಗಿ ನಿಂತರು. ನಾನು ಮೈದಾನದ ಈ ತುದಿಯಲ್ಲಿ. ಫರ್ಹಾನಾ ನನ್ನ ಕೈಗೆ ಚೆಂಡು ಕೊಟ್ಟು, ಎಲ್ಲರೂ ಕೊನೆಯಲ್ಲಿ ಒಟ್ಟಿಗೆ ಎಸೆಯುತ್ತಾರೆ, ನೀವೂ ಎಸೆಯಿರಿ ಅಂದಳು. ಜಗ್ಲಿಂಗ್ ಮೇಳಗಳಲ್ಲಿ ಬೀಳ್ಕೊಡುಗೆ ಹೀಗೇ ಅಂತೆ.

ಅವರಿಬ್ಬರು ಏನು ಮಾತಾಡುತ್ತಿದ್ದಾರೆ? ಇಲ್ಲಿಂದ ಕೇಳುವುದಿಲ್ಲ. ಮಯೂರಿಯ ಕೈ ಆಡುತ್ತಿದೆ. ಸುಹಾಸ ತಲೆ ತಗ್ಗಿಸಿ ಕೇಳುತ್ತಿದ್ದಾನೆ.

ಯಾರೋ ತೆಲುಗಿನಲ್ಲಿ ಕೂಗಿದರು: "ಒಕಟಿ, ರೆಂಡು, ಮೂಡು!"

ಮೈದಾನಕ್ಕೆ ಮೈದಾನವೇ ಕೈ ಬಿಟ್ಟಿತು. ಚೆಂಡು, ಚಕ್ರ, ಕೋಲು, ಯಾರದೋ ಟೋಪಿ, ಎಲ್ಲ ಒಂದೇ ಸಲಕ್ಕೆ ಆಕಾಶಕ್ಕೆ ಹೋದವು. ನನ್ನವೂ ಹೋದವು. ಎಷ್ಟು ಬಣ್ಣ! ಎಲ್ಲವೂ ಒಟ್ಟಿಗೆ ಮೇಲೆ ಹೋಗಿ, ಒಟ್ಟಿಗೆ ಒಂದಿಷ್ಟು ಹೊತ್ತು ನಿಂತವು. ಆಮೇಲೆ ಬಣ್ಣದ ಆಲಿಕಲ್ಲಿನ ಹಾಗೆ ಸುರಿಯತೊಡಗಿದವು. ಜನ ತಲೆಯ ಮೇಲೆ ಕೈ ಹೊತ್ತುಕೊಂಡು, ಕಿರುಚುತ್ತ, ನಗುತ್ತ ಓಡಾಡಿದರು. ಆ ಸುರಿಮಳೆಯ ನಡುವಿನಿಂದ ನಾನು ಗೋಡೆಯ ಕಡೆ ನೋಡಿದೆ. ಸುಹಾಸ ನಿಧಾನವಾಗಿ ತಲೆಯಾಡಿಸಿದ. ಒಂದು ಕೈಯಿಂದ ಕತ್ತಿನ ಹಿಂಭಾಗ ಉಜ್ಜಿಕೊಂಡ. ಸಣ್ಣಗೆ ನಕ್ಕ. ಆಮೇಲೆ ಆ ನಗುವನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ಬಗ್ಗಿ, ಕಾಲ ಬಳಿ ಬಿದ್ದಿದ್ದ ಚೆಂಡುಗಳನ್ನು ಆರಿಸತೊಡಗಿದ.

ನನಗೆ ಗೊತ್ತಾಯಿತು.

ಮಯೂರಿ ಬಂದಳು. ಕಣ್ಣಂಚು ಕೆಂಪಗಿತ್ತು, ಆದರೆ ನೆಟ್ಟಗೆ ನಡೆದು ಬಂದಳು.

"ಬ್ಯಾಡ ಅಂದೆ" ಅಂದಳು. "ಭಾಳ ಛಲೋ ಹುಡುಗ ಅದಾನಮ್ಮಾ. ಆದ್ರ ನಿನ್ನೆ ಮೆಟ್ಟಿಲ ಮ್ಯಾಲ ಕುಂತು ಮಾತಾಡಿ ಎದ್ದಾಗ, ಇನ್ನಷ್ಟು ಮಾತಾಡಬೇಕು ಅನಸಲಿಲ್ಲ. ಅಷ್ಟ ಕಾರಣ. ಬ್ಯಾರೆ ಏನೂ ಇಲ್ಲ."

"ಅವ ಏನಂದ?"

"ಥ್ಯಾಂಕ್ಸ್ ಅಂದ. ಇದರ ಮೊದಲು ಬ್ಯಾಡ ಅಂದೋರೆಲ್ಲ ಮೆಸೇಜಿನ್ಯಾಗ ಅಂದ್ರಂತ. ಒಬ್ಬಾಕಿ ಅಂತೂ ಅದೂ ಇಲ್ಲ, ಸುಮ್ಮನ ಬ್ಲಾಕ್ ಮಾಡಿದ್ಲಂತ. ಎದುರಿಗೆ ಬಂದು ಹೇಳಿದಾಕಿ ನಾನ ಮೊದಲು."

ಅಷ್ಟರಲ್ಲಿ ಸುಹಾಸನೂ ಬಂದ. ಕೈಯಲ್ಲಿ ಮೂರು ಬಟ್ಟೆಯ ಚೆಂಡು.

"ಆಂಟಿ, ಇದು ನಿಮ್ಮ ಹತ್ತಿರ ಇರ್ಲಿ. ಭಾನುವಾರ ಬೆಳಿಗ್ಗೆ ನಾವು ಕೆಲವರು ನಿಮ್ಮ ಮನೆಯ ಆಚೆಯ ಪಾರ್ಕಿನಲ್ಲಿ ಸೇರ್ತೇವೆ. ಬನ್ನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ನಾನು ಮಯೂರಿಯ ಮುಖ ನೋಡಿದೆ.

"ನನ್ನ ಮುಖಾ ಯಾಕ ನೋಡತಿ?" ಅಂದಳು. "ನಿನಗ ಬೇಕಾದ್ರ ತೊಗೊ."

ತೆಗೆದುಕೊಂಡೆ.

ಮೊದಲ ಭಾನುವಾರ ಕಷ್ಟವಾಯಿತು. ಮಾವಿನ ಮರದ ಕೆಳಗೆ ಹತ್ತಾರು ಜನ ಸೇರಿದ್ದರು, ಸುಹಾಸ ಒಂದು ಬದಿಯಲ್ಲಿ ಸುಮ್ಮನೆ ನಿಂತಿದ್ದ. "ಬ್ಯಾಸರ ಆಗೇತೇನಪ್ಪಾ?" ಅಂತ ಕೇಳಿಯೇಬಿಟ್ಟೆ. "ಆಗಿದೆ ಆಂಟಿ. ಸ್ವಲ್ಪ ದಿನ ಇರ್ತದೆ" ಅಂದ. ಅದೂ ನಿಜವೇ. ಆಮೇಲೆ ನನ್ನ ಮೊಣಕೈ ಹಿಡಿದು, ಇಷ್ಟು ಹೊರಗೆ ಚಾಚಬೇಡಿ, ಒಳಗಿರಲಿ ಅಂತ ತೋರಿಸಿಕೊಟ್ಟ. ಎರಡನೆಯ ಭಾನುವಾರ ಅವನ ಅಮ್ಮ ಪುತ್ತೂರಿನಿಂದ ಬಂದಿದ್ದರು. ನನಗೆ ಎಲ್ಲಿ ಮುಖ ಇಡಲಿ ಅನ್ನಿಸಿತು. ಆಕೆ ಚೀಲದಿಂದ ಡಬ್ಬಿ ತೆಗೆದು, "ಮಗ ಹೇಳಿದ್ದಾನೆ ನಿಮ್ಮ ಬಗ್ಗೆ. ಹಲಸಿನ ಹಪ್ಪಳ, ತಿನ್ನಿ ಮಾರಾಯ್ರೆ" ಅಂದರು. ಬೆಂಚಿನ ಮೇಲೆ ಕೂತು ಇಬ್ಬರೂ ಹಪ್ಪಳ ಮುರಿದು ತಿಂದೆವು. ಎದುರಿಗೆ ಎಳೆ ಬಿಸಿಲಿನಲ್ಲಿ ಚೆಂಡುಗಳು ಏರುತ್ತಿದ್ದವು. ಮಕ್ಕಳ ಮದುವೆಯ ಮಾತು ನಾವು ಎತ್ತಲೇ ಇಲ್ಲ. ಅವರ ಮೊಣಕಾಲು ನೋವು, ನನ್ನ ಲೈಬ್ರರಿಯ ಗೆದ್ದಲು, ಇಂಥದ್ದೇ ಮಾತು. ಹೊತ್ತು ಹೋದದ್ದು ತಿಳಿಯಲಿಲ್ಲ.

ನನಗಿನ್ನೂ ಮೂರು ಚೆಂಡು ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ ಮಂಚದ ಮುಂದೆ ನಿಂತು ಅಭ್ಯಾಸ ಮಾಡುತ್ತೇನೆ. ಬಿದ್ದರೆ ಹಾಸಿಗೆಯ ಮೇಲೆ ಬೀಳುತ್ತವೆ, ಬಗ್ಗುವ ಕಷ್ಟವಿಲ್ಲ. ಪಾಳಿ ಮುಗಿಸಿ ಬಂದು ಮಲಗಿದ ಮಯೂರಿ ಆಚೆ ಕೋಣೆಯಿಂದ 'ಅಮ್ಮಾ, ಸಾಕು!' ಅಂತ ರೇಗುತ್ತಾಳೆ. ಈಗ ನಾವು ಜಗಳವಾಡುತ್ತೇವೆ. ಪರದೆಯ ಬಣ್ಣಕ್ಕೆ, ಟಿ.ವಿ. ಸೌಂಡಿಗೆ. ಮೊನ್ನೆ ಗೆಳತಿಯರ ಜೊತೆ ಟ್ರಿಪ್ಪಿಗೆ ಹೋಗುತ್ತೇನೆ ಅಂದಳು, ಕೇಳಲಿಲ್ಲ, ಹೇಳಿದಳು.

ಅಣ್ಣನಿಗೆ ಮಾತ್ರ ಸಮಾಧಾನವಿಲ್ಲ. ಹೋದ ವಾರ ಫೋನು ಮಾಡಿದ.

"ಅಲ್ಲಬೇ, ಬ್ಯಾಡಂದ ಹುಡುಗನ ಜೋಡಿ ಚೆಂಡಾಟ ಆಡಾಕತ್ತಿ. ಅವರವ್ವನ ಜೋಡಿ ಹಪ್ಪಳ ತಿನ್ನಾಕತ್ತಿ. ಅವರು ನಿಮಗ ಏನಾಗಬೇಕು?"

ಬೀಗರು ಅಲ್ಲ. ನೆಂಟರಲ್ಲ. 'ಗೊತ್ತಿರೋರು' ಅಂದರೆ ಕಡಿಮೆಯಾಯಿತು. ತಾಯಿಯ ಅಣ್ಣನ ಹೆಂಡತಿಗೆ ಒಂದು ಹೆಸರಿದೆ, ಗಂಡನ ತಮ್ಮನಿಗೆ ಒಂದು ಹೆಸರಿದೆ, ಅಕ್ಕನ ಗಂಡನಿಗೂ ಇದೆ. ಕೂಡಿಬರದ ಸಂಬಂಧದವರಿಗೆ ಮಾತ್ರ ನಮ್ಮಲ್ಲಿ ಹೆಸರೇ ಇಲ್ಲ.

ಫೋನು ಇಟ್ಟ ಮೇಲೆ ಬಹಳ ಹೊತ್ತು ಕೂತು ನೆನೆದೆ. ನಮ್ಮ ಕಾಲದಿಂದ ಇಲ್ಲಿಯವರೆಗೆ, ನನಗೆ, ತಂಗಿಯರಿಗೆ, ನೆಂಟರ ಮಕ್ಕಳಿಗೆ ಅಂತ ಎಷ್ಟು ಮನೆಗಳಿಗೆ ಹೋಗಿಲ್ಲ! ರಾಯಚೂರಿನ ಒಂದು ಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು ಎಷ್ಟು ಅಕ್ಕರೆಯಿಂದ ಮಾತಾಡಿದ್ದಳು. ಬೀದರಿನ ಒಬ್ಬ ಮಾಸ್ತರು ತಮ್ಮ ಹಿತ್ತಲ ಪೇರಲ ಹಣ್ಣು ಕಿತ್ತು ಉಡಿಗೆ ಹಾಕಿದ್ದರು. ಜಾತಕ ಕೂಡಲಿಲ್ಲ, ಅಥವಾ ಎತ್ತರ ಕೂಡಲಿಲ್ಲ, ಅಥವಾ ಸುಮ್ಮನೆ ಮನಸ್ಸು ಕೂಡಲಿಲ್ಲ. ಅಲ್ಲಿಗೆ ಮುಗಿಯಿತು. ಮತ್ತೆ ಆ ಓಣಿಗೇ ಕಾಲಿಡಲಿಲ್ಲ. ಮದುವೆ ಮನೆಯಲ್ಲಿ ಎದುರಾದರೆ ಕಂಬದ ಮರೆಗೆ ಸರಿದೆವು. ಅವರೂ ಸರಿದರು. ಯಾರು ಯಾರಿಗೆ ಏನು ಅನ್ಯಾಯ ಮಾಡಿದ್ದೆವು?

ಹೇಳಿ, 'ಬೇಡ' ಅಂದು ಬಂದ ಮೇಲೂ ಬಾಗಿಲು ತಟ್ಟಿ ಒಳಗೆ ಹೋಗಬಹುದಾದ ಮನೆ ನಿಮಗೆ ಒಂದಾದರೂ ಇದೆಯೇ?